ಸ್ಕ್ರೂ ಮುಟ್ಟುವ ಮುನ್ನ ಪ್ಲಗ್ ಬಿಚ್ಚಿ

ಮೂಡಿಗೆರೆ ಕಡೆಯ ತೋಟದ ದಾರಿಗಳಿಗೆಂದು ನಾನು ಇಟ್ಟುಕೊಂಡಿರುವುದು ಹಳೆಯ ಯಮಹಾ ಆರ್‌ಎಕ್ಸ್ 100. ಬಟನ್ ಟೈರ್ ಹಾಕಿ, ಮುಂದಿನ ಮಡ್‌ಗಾರ್ಡ್ ಎತ್ತರಿಸಿ, ಅಗಲದ ಹ್ಯಾಂಡಲ್ ಕೂರಿಸಿದ ಬೈಕು. 1985ರಿಂದ 1996ರವರೆಗೆ ನಮ್ಮಲ್ಲಿ ತಯಾರಾದ 98 ಸಿಸಿಯ ಈ ಟೂ-ಸ್ಟ್ರೋಕ್ ಗಾಡಿಯನ್ನು ಮಲೆನಾಡಿನ ಹುಡುಗರು ಮಣ್ಣಿನ ರೇಸುಗಳಲ್ಲಿ ಇನ್ನೂ ಓಡಿಸುತ್ತಾರೆ. ಇಂಥ ಗಾಡಿ ಇಟ್ಟುಕೊಂಡವರೆಲ್ಲರ ದೂರು ಒಂದೇ: ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ, ಕಾರ್ಬುರೇಟರ್ ಟ್ಯೂನಿಂಗ್ ಹೋಗಿದೆ. ಮೊದಲ ಮಾತು ನಿಜ. ಎರಡನೆಯದನ್ನು ನಾನು ಈಗ ಸುಲಭಕ್ಕೆ ಒಪ್ಪುವುದಿಲ್ಲ. ಸ್ಪ್ರಿಂಗ್ ಒತ್ತಿ ಹಿಡಿದಿರುವ ಸ್ಕ್ರೂ ರಾತ್ರೋರಾತ್ರಿ ಜಾಗ ಬಿಡುವುದಿಲ್ಲ, ಕೆಟ್ಟಿರುವುದು ಬೇರೇನೋ. ಅದನ್ನು ಹುಡುಕದೆ ಸ್ಕ್ರೂ ತಿರುಗಿಸಿದರೆ ಒಂದಿದ್ದ ತೊಂದರೆ ಎರಡಾಗುತ್ತದೆ.

ಹಾಗಾಗಿ ಮೊದಲು ಬಿಚ್ಚಬೇಕಾದ್ದು ಪ್ಲಗ್. ಚೋಕ್ ಹಾಕಿ ನಾಲ್ಕಾರು ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಸಿಲಿಂಡರಿಗೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಕೊಳ್ಳುತ್ತಿಲ್ಲ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ದೂರದಲ್ಲಿ ಎಂಜಿನ್ನಿಗೆ ತಾಗಿಸಿಟ್ಟು ಕಿಕ್ ಹೊಡೆದರೆ ನೀಲಿ ಕಿಡಿ ಚಟಚಟ ಹಾರಬೇಕು. ನಮ್ಮ ಮಳೆಗೆ ಕ್ಯಾಪಿನೊಳಗೆ ನೀರು ಸೇರಿ ಕರೆಂಟ್ ಸೋರುವುದು ಮಾಮೂಲು. ಕಿಡಿ ಹಳದಿಯಾಗಿ ಮಂಕಾಗಿದ್ದರೆ ಕ್ಯಾಪ್ ಒರೆಸಿ, ಹೊಸ ಪ್ಲಗ್ ಹಾಕಿ ನೋಡುವುದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಎಷ್ಟೋ ಸಲ ಗಾಡಿಯಲ್ಲಿ ಏನೂ ಕೆಟ್ಟಿರುವುದೇ ಇಲ್ಲ. ಚೋಕ್ ಹಾಕಿ, ಜೊತೆಗೆ ಎಕ್ಸಲರೇಟರನ್ನೂ ತಿರುಚಿ ಕಿಕ್ ಹೊಡೆಯುತ್ತಿರುತ್ತಾರೆ. ಈ ಬಗೆಯ ಕಾರ್ಬುರೇಟರಿನಲ್ಲಿ ಚೋಕ್ ಎಂದರೆ ಪೆಟ್ರೋಲಿಗೆ ಇನ್ನೊಂದು ಸಣ್ಣ ದಾರಿ ತೆರೆದುಕೊಡುವ ಪ್ಲಂಜರ್. ಆ ದಾರಿಯಲ್ಲಿ ಪೆಟ್ರೋಲ್ ಮೇಲೆ ಬರಬೇಕಾದರೆ ಸ್ಲೈಡ್ ಪೂರ್ತಿ ಕೆಳಗೆ ಕೂತಿರಬೇಕು. ಆಗಲೇ ಎಂಜಿನ್ ಅದನ್ನು ಬಲವಾಗಿ ಹೀರುವುದು. ಕೈ ತಿರುಚಿದೊಡನೆ ಸ್ಲೈಡ್ ಏರಿ ಗಾಳಿ ನುಗ್ಗುತ್ತದೆ, ಚೋಕ್ ಇದ್ದೂ ಇಲ್ಲದಂತಾಗುತ್ತದೆ. ನಮ್ಮ ಕಡೆಯ ಹಳೆಯ ಮೆಕ್ಯಾನಿಕ್ ಒಬ್ಬರು ಗಾಡಿ ತಳ್ಳಿಕೊಂಡು ಬಂದವರಿಗೆಲ್ಲ, ‘ಎಕ್ಸಲರೇಟರ್ ಬಿಟ್ಟು ಒಂದ್ಸಲ ಹೊಡೀರಿ ಗೌಡ್ರೇ’ ಎನ್ನುತ್ತಿದ್ದರು. ಅರ್ಧಕ್ಕರ್ಧ ಗಾಡಿಗಳು ಅಲ್ಲೇ ಸ್ಟಾರ್ಟ್ ಆಗುತ್ತಿದ್ದವು. ಬೈಕು ಕೆಸರಲ್ಲಿ ಮಗುಚಿ ಬಿದ್ದು ಪೆಟ್ರೋಲ್ ತುಂಬಿಕೊಂಡಾಗ ಮಾತ್ರ ಇದರ ತಿರುಗುಮುರುಗು: ಕಾಕ್ ಮುಚ್ಚಿ, ಚೋಕ್ ತೆಗೆದು, ಎಕ್ಸಲರೇಟರನ್ನು ಪೂರ್ತಿ ತೆರೆದು ಒಂದಷ್ಟು ಕಿಕ್ ಹೊಡೆಯಬೇಕು.

ಪ್ಲಗ್ ಒಣಗಿದ್ದು, ಟ್ಯಾಂಕಿನಿಂದ ಪೆಟ್ರೋಲ್ ಸರಾಗ ಇಳಿಯುತ್ತಿದ್ದರೆ ಅನುಮಾನ ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಮೇಲೆ. ಮೇನ್ ಜೆಟ್ ಕೆಲಸಕ್ಕೆ ಬರುವುದು ಎಕ್ಸಲರೇಟರ್ ಮುಕ್ಕಾಲು ತೆರೆದ ನಂತರ. ಸ್ಟಾರ್ಟಿಂಗಿಗೂ ಅದಕ್ಕೂ ಸಂಬಂಧ ಬಹಳ ಕಡಿಮೆ. ಆದರೂ ಸ್ಟಾರ್ಟ್ ಆಗದ ಗಾಡಿಗೆ ಜನ ಮೇನ್ ಜೆಟ್ ಬದಲಿಸುತ್ತಾರೆ! ಪೈಲಟ್ ಜೆಟ್ಟಿನ ತೂತು ಒಂದು ಮಿಲಿಮೀಟರಿನಲ್ಲಿ ಸಣ್ಣ ಪಾಲು. ಗಾಡಿ ತಿಂಗಳುಗಟ್ಟಲೆ ನಿಂತರೆ ಬೌಲಿನಲ್ಲಿದ್ದ ಪೆಟ್ರೋಲ್ ಆರಿ, ಅದರಲ್ಲಿ ಬೆರೆಸಿದ ಟೂ-ಸ್ಟ್ರೋಕ್ ಆಯಿಲ್ ಅಂಟಾಗಿ ಉಳಿಯುತ್ತದೆ. ತೂತು ಕಟ್ಟಿಕೊಳ್ಳಲು ಅಷ್ಟು ಸಾಕು. ಜೆಟ್ ಬಿಚ್ಚಿ ಆಕಾಶಕ್ಕೆ ಹಿಡಿದರೆ ದುಂಡಗಿನ ಬೆಳಕಿನ ಚುಕ್ಕೆ ಕಾಣಬೇಕು. ಚುಕ್ಕೆ ಓರೆಯಾಗಿ ಕಂಡರೂ ಕೊಳೆ ಇದೆ ಎಂದರ್ಥ. ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ, ಪಂಚರ್ ಅಂಗಡಿಯಲ್ಲಿ ಗಾಳಿ ಹೊಡೆಸಬೇಕು. ಸೂಜಿ, ಉಕ್ಕಿನ ತಂತಿ ತೂರಿಸಲೇಬಾರದು. ಹಿತ್ತಾಳೆ ಮೆತ್ತಗಿನ ಲೋಹ, ಕಣ್ಣಿಗೆ ಕಾಣದಷ್ಟು ತೂತು ಅಗಲವಾದರೂ ಆ ಜೆಟ್ ಮುಗಿದಂತೆಯೇ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಕಾಕ್ ಮುಚ್ಚಿ ಬೌಲ್ ಖಾಲಿ ಮಾಡಿದರೆ ಈ ಕೆಲಸವೇ ಬೀಳುವುದಿಲ್ಲ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುವುದರಿಂದ ಬೌಲ್ ಖಾಲಿ ಮಾಡುವ ಅಭ್ಯಾಸ ಇನ್ನೂ ಮುಖ್ಯ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನಮ್ಮಲ್ಲಿ ತೇವಕ್ಕೇನೂ ಬರವಿಲ್ಲ. ಇನ್ನೊಂದು ಲೆಕ್ಕವೂ ಇದೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಪಾಲು ಸಾಕು. ಬೆರಕೆ ಪೆಟ್ರೋಲಿಗೆ ಅದು 13.5ರ ಆಸುಪಾಸು. ಹಳೆಯ ಜೆಟ್ಟು ಹಳೆಯ ಲೆಕ್ಕದಲ್ಲೇ ಇಂಧನ ಬಿಡುವುದರಿಂದ ಎಂಜಿನ್ನಿಗೆ ಅದು ತುಸು ಕಡಿಮೆಯಾಗುತ್ತದೆ. ಟೂ-ಸ್ಟ್ರೋಕಿನಲ್ಲಿ ಇದು ಬರೀ ಸ್ಟಾರ್ಟಿಂಗ್ ತೊಂದರೆಗೆ ನಿಲ್ಲುವುದಿಲ್ಲ, ಹೆಚ್ಚಾದರೆ ಪಿಸ್ಟನ್ ಜಾಮ್ ಆಗುವ ತನಕ ಹೋಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಸ್ಕ್ರೂಡ್ರೈವರ್. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಏರ್ ಸ್ಕ್ರೂವನ್ನು ಹಗುರವಾಗಿ ಕೂರುವಷ್ಟು ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತಂದು, ಐಡ್ಲಿಂಗ್ ಅತಿ ಹೆಚ್ಚಿಗೆ ಏರುವ ಜಾಗವನ್ನು ಕಾಲು ಕಾಲು ಸುತ್ತಿನಲ್ಲಿ ಹುಡುಕಬೇಕು. ಆ ಜಾಗ ಒಂದು ಸುತ್ತಿಗಿಂತ ಒಳಗೇ ಸಿಕ್ಕಿದರೆ ಪೈಲಟ್ ಜೆಟ್ ಚಿಕ್ಕದಾಯಿತು. ಎರಡೂವರೆ ದಾಟಿದರೆ ದೊಡ್ಡದಾಯಿತು. ಎಥೆನಾಲ್ ಬಂದ ಮೇಲೆ ಒಂದು ನಂಬರ್ ದೊಡ್ಡ ಪೈಲಟ್ ಜೆಟ್ ನನ್ನ ಗಾಡಿಗೆ ಒಗ್ಗಿತು. ಆದರೆ ಘಟ್ಟದ ಕೆಳಗಿನ ಬೆಳ್ತಂಗಡಿಯ ಗೆಳೆಯರಿಗೆ ಒಗ್ಗಿದ ಜೆಟ್ ಇಲ್ಲಿಯವರಿಗೆ ಒಗ್ಗಲೇಬೇಕೆಂದಿಲ್ಲ. ಮುಳ್ಳಯ್ಯನಗಿರಿಯ ತುದಿ 1,900 ಮೀಟರಿಗೂ ಎತ್ತರ. ಕರಾವಳಿಗೆ ಹೋಲಿಸಿದರೆ ಅಲ್ಲಿ ಗಾಳಿಯ ಸಾಂದ್ರತೆ ಆರರಲ್ಲೊಂದು ಪಾಲು ಕಡಿಮೆ. ಕೆಳಗೆ ಸರಿಯಾಗಿದ್ದ ಗಾಡಿ ಮೇಲೆ ಹೋದಂತೆ ಪೆಟ್ರೋಲ್ ಹೆಚ್ಚಾಗಿ ಗೊಗ್ಗರು ದನಿಯಲ್ಲಿ ಓಡುತ್ತದೆ.

ಫೋರ್-ಸ್ಟ್ರೋಕ್ ಗಾಡಿಯವರು ಸ್ಕ್ರೂ ಬಗ್ಗೆ ಹೇಳಿದ ಮೇಲಿನ ಮಾತನ್ನು ಹಾಗೇ ಅನುಸರಿಸಬಾರದು. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ತಡೆಯುವುದು ಗಾಳಿಯನ್ನು, ಒಳಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚುತ್ತದೆ. ಹೀರೋ ಇಂಪಲ್ಸ್‌ನಂಥ ಫೋರ್-ಸ್ಟ್ರೋಕ್ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಎಂಜಿನ್ ಕಡೆಗಿರುತ್ತದೆ. ಅಲ್ಲಿ ಒಳಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ.

ಏನು ಮಾಡಿದರೂ ಐಡ್ಲಿಂಗ್ ಒಂದೆಡೆ ನಿಲ್ಲದಿದ್ದರೆ ಕಾರ್ಬುರೇಟರನ್ನು ಬಿಟ್ಟು ಸೋರಿಕೆ ಹುಡುಕಬೇಕು. ಓಡುತ್ತಿರುವ ಎಂಜಿನ್ನಿನ ಇನ್‌ಟೇಕ್ ರಬ್ಬರ್ ಸುತ್ತ ಕ್ಲೀನರ್ ತುಸುವೇ ಸಿಂಪಡಿಸಿದಾಗ ದನಿ ಬದಲಾದರೆ ರಬ್ಬರ್ ಬಿರಿದಿದೆ. ಸೈಲೆನ್ಸರಿಗೆ ತಾಗದಂತೆ ಎಚ್ಚರ ಬೇಕು, ಕ್ಲೀನರಿಗೆ ಬೆಂಕಿ ಹತ್ತುತ್ತದೆ. ರಬ್ಬರ್ ಸರಿಯಿದ್ದರೆ ಉಳಿಯುವುದು ಕ್ರ್ಯಾಂಕಿನ ಎರಡು ಆಯಿಲ್ ಸೀಲ್. ಟೂ-ಸ್ಟ್ರೋಕ್ ಎಂಜಿನ್ ಗಾಳಿ ಮತ್ತು ಪೆಟ್ರೋಲನ್ನು ಮೊದಲು ಕ್ರ್ಯಾಂಕ್ ಕೇಸಿಗೆ ಎಳೆದುಕೊಂಡು ಅಲ್ಲಿಂದ ಮೇಲೆ ತಳ್ಳುವುದರಿಂದ ಆ ಸೀಲ್ ಸೋರಿದರೆ ಎಂಜಿನ್ ಸರಿಯಾಗಿ ಹೀರುವುದೇ ಇಲ್ಲ. ಗೇರ್ ಆಯಿಲ್ ಇಳಿಯುತ್ತಾ ಬಂದು ಬಿಳಿ ಹೊಗೆ ಹೆಚ್ಚಿದರೆ ಕ್ಲಚ್ ಕಡೆಯದು, ಐಡ್ಲಿಂಗ್ ತಾನಾಗಿ ಏರಿ ಇಳಿಯದಿದ್ದರೆ ಹೆಚ್ಚಾಗಿ ಮ್ಯಾಗ್ನೆಟ್ ಕಡೆಯದು. ಸೀಲ್ ಹಾಕಿಸಿದ ಮೇಲೆ ಏರ್ ಸ್ಕ್ರೂವನ್ನು ಮತ್ತೆ ಒಂದೂವರೆ ಸುತ್ತಿನಿಂದಲೇ ಹುಡುಕಿಕೊಂಡು ಬರಬೇಕು. ಹಿಂದಿನ ಜಾಗ ಸಿಕ್ಕಿದ್ದು ಸೋರುವ ಎಂಜಿನ್ನಿಗೆ.