ಜೀವಾಮೃತದ ಡ್ರಮ್ಮಿಗೆ ನಲ್ಲಿ ಎಲ್ಲಿ ಕೂರಿಸಬೇಕು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಬ್ಬಿಗೆ ಡ್ರಿಪ್ ಹಾಕಿಸಿದ ಎಷ್ಟೋ ಜನ ಜೀವಾಮೃತ ಬಿಡೋಕೆ ಹೆದರ್ತಾರೆ. ಚರಟ ಹೋಗಿ ಡ್ರಿಪ್ಪರ್ ಕಟ್ಟಿಕೊಂಡ್ರೆ ಬೆಳೆ ಒಣಗುತ್ತೆ. ನಾನು ಬಳಸೋ ವಿಧಾನ ಇದು.

ಅಳತೆ: 200 ಲೀಟರ್ ಡ್ರಮ್ಮಿಗೆ 150 ಲೀಟರ್ ನೀರು ಸಾಕು, ತುಂಬಿಸಿದ್ರೆ ನೊರೆ ಉಕ್ಕುತ್ತೆ. ನಾಟಿ ಹಸುವಿನ ಸಗಣಿ 7.5 ಕಿಲೋ, ಗಂಜಲ 7.5 ಲೀಟರ್, ಬೆಲ್ಲ, ದ್ವಿದಳ ಹಿಟ್ಟು ತಲಾ 1.5 ಕಿಲೋ, ಬದುವಿನ ಮಣ್ಣು ಒಂದು ಹಿಡಿ. ಆಲೆಮನೆಯಲ್ಲಿ ಹೈಡ್ರೋಸ್ ಹಾಕದ ಕಪ್ಪು ಬೆಲ್ಲ ಕೇಳಿ ತನ್ನಿ.

ನಲ್ಲಿ: ತಳದಿಂದ 6 ಇಂಚು ಮೇಲೆ, ವಾಷರ್ ಹಾಕಿ ಕೂರಿಸಿ. ಚರಟ ಕೆಳಗೇ ಉಳಿಯುತ್ತೆ. ಅದನ್ನು ತಿಪ್ಪೆಗೆ ಹಾಕಿ.

ಮುಚ್ಚಳ: ಬಿಗಿಯಾಗಿ ಮುಚ್ಚಬೇಡಿ, ಒಳಗೆ ಗ್ಯಾಸ್ ಆಗುತ್ತೆ. ಗೋಣಿಚೀಲ ಹೊದಿಸಿ, ನೆರಳಲ್ಲಿಡಿ. ಬೆಳಿಗ್ಗೆ, ಸಂಜೆ ಕಲಕಿ.

ಸೋಸುವಿಕೆ: 48 ಗಂಟೆ ಆದ್ಮೇಲೆ ಕಲಕೋದು ನಿಲ್ಲಿಸಿ, ತಿಳಿಯಾಗಲು ಬಿಡಿ. ನಲ್ಲಿಯಿಂದ ಬಂದದ್ದನ್ನು ಎರಡು ಪದರ ನೈಲಾನ್ ಬಟ್ಟೆಯಲ್ಲಿ ಸೋಸಿ, ಸ್ಕ್ರೀನ್ ಫಿಲ್ಟರ್ ಮೂಲಕ ಬಿಡಿ. ಕೊನೆಗೆ 15 ನಿಮಿಷ ಬರೀ ನೀರು ಹರಿಸಿ, ಫಿಲ್ಟರ್ ತೊಳೀರಿ.

ಎಕರೆಗೆ 200 ಲೀಟರ್ ಲೆಕ್ಕದಲ್ಲಿ ಈ ಡ್ರಮ್ 30 ಗುಂಟೆಗೆ ಸಾಕು. 7 ದಿನದೊಳಗೆ ಬಳಸಿ.