ಗುಂಡಿ ತುಂಬಿದ ಮೇಲೆ

ತುಮಕೂರಿನ ಕೊಳೆಗೇರಿಗಳಲ್ಲಿ ಮನೆಗೆ ಕಕ್ಕಸು ಇದೆಯೇ ಎಂದು ಕೇಳಿದರೆ ಬಹುತೇಕರು ‘ಇದೆ’ ಎನ್ನುತ್ತಾರೆ. ಸಮೀಕ್ಷೆಯವರು ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಬಾಗಿಲು ತೆರೆದರೆ ಒಳಗೆ ಸೌದೆ, ಹಳೇ ಚೀಲ, ಮಗುವಿನ ಸೈಕಲ್. ಇಂಥ ಓಣಿಗಳಲ್ಲಿ ಓಡಾಡುತ್ತ ನಾನು ಕಲಿತದ್ದು, ಕೇಳಬೇಕಾದ ಪ್ರಶ್ನೆಯೇ ಬೇರೆ: ಗುಂಡಿ ಖಾಲಿ ಮಾಡಿಸಿದ್ದು ಯಾವಾಗ?

ಇದಕ್ಕೆ ಉತ್ತರ ಕೊಡುವವರು ಹೆಂಗಸರು. ಬುಗುಡನಹಳ್ಳಿ ಕೆರೆಗೆ ಬಂದ ಹೇಮಾವತಿ ನದಿಯ ನೀರು ಓಣಿಯ ಕೊನೇ ನಲ್ಲಿ ಮುಟ್ಟುವಾಗ ದಾರದಷ್ಟು ಸಣ್ಣಗಾಗಿರುತ್ತದೆ. ಹೊತ್ತು ತಂದ ಕೊಡದ ನೀರು ಮೊದಲು ಅಡುಗೆಗೆ, ಆಮೇಲೆ ಬಟ್ಟೆಗೆ, ಮಿಕ್ಕರೆ ಕಕ್ಕಸಿಗೆ. ಹೆಚ್ಚು ಸುರಿದರೆ ಗುಂಡಿ ಬೇಗ ತುಂಬೀತೆಂಬ ಭಯ ಬೇರೆ. ಹೀಗಾಗಿ ಕಕ್ಕಸು ಬಾಣಂತಿಗೆ, ಕಾಯಿಲೆಯವರಿಗೆ, ನೆಂಟರಿಗೆ ಮೀಸಲು. ಉಳಿದವರು ಕತ್ತಲಾಗಲೆಂದು ಕಾಯುತ್ತಾರೆ. ರಾತ್ರಿ ಏಳಬೇಕಾದೀತೆಂದು ಸಂಜೆಯ ಮೇಲೆ ನೀರೇ ಕುಡಿಯದ ಹುಡುಗಿಯರಿದ್ದಾರೆ.

2014ರಲ್ಲಿ ಸ್ವಚ್ಛ ಭಾರತ ಬಂದಾಗ ನಗರದ ಒಂದು ಶೌಚಾಲಯಕ್ಕೆ ಕೇಂದ್ರದ ಪಾಲು 4,000 ರೂಪಾಯಿ. ಅದು ಕಟ್ಟುವುದಕ್ಕೆ. ಎರಡು ಗುಂಡಿ ತೋಡಿ, ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರೆ ವರ್ಷ, ಒಂದೂವರೆ ವರ್ಷದಲ್ಲಿ ಮೊದಲನೆಯದು ಗೊಬ್ಬರವಾಗುತ್ತದೆ ಎನ್ನುತ್ತದೆ ಕೈಪಿಡಿ. ಕಾಲು ಚಾಚಲೂ ಜಾಗವಿಲ್ಲದ ಮನೆಯವರು ಎರಡನೇ ಗುಂಡಿ ಎಲ್ಲಿ ತೋಡಬೇಕು? ಒಂದೇ ಗುಂಡಿ, ಅದರ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಪಾತ್ರೆ ತೊಳೆಯುವ ಜಾಗ.

ಹಕ್ಕುಪತ್ರದ ತಕರಾರು ಇದರ ಜೊತೆಗೇ ಬರುತ್ತದೆ. 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆಯಾದ ಕೇರಿಗೆ ಚರಂಡಿ, ದೀಪ ಕೇಳುವ ದಾರಿಯಿದೆ. ಘೋಷಣೆಯಾಗದ ಕಡೆ, ನಾಳೆ ಎಬ್ಬಿಸಿಬಿಟ್ಟರೆ ಎಂಬ ಅಂಜಿಕೆಯಲ್ಲಿ ಯಾರೂ ಇಟ್ಟಿಗೆಗೆ ದುಡ್ಡು ಹಾಕುವುದಿಲ್ಲ.

ಇದೇ ಜಿಲ್ಲೆಯ ಗುಬ್ಬಿ, ಕುಣಿಗಲ್ ಚಿಕ್ಕ ಊರುಗಳು. ಗುಂಡಿಯ ಕಷ್ಟ ಮಾತ್ರ ಚಿಕ್ಕದಲ್ಲ. ಸಕ್ಕಿಂಗ್ ಗಾಡಿ ನುಗ್ಗುವಷ್ಟು ಓಣಿ ಅಗಲವಿರಬೇಕು, ಪೈಪು ಎಟುಕಬೇಕು. ಎಟುಕದಿದ್ದರೆ ಮನುಷ್ಯನನ್ನು ಇಳಿಸುವ ಯೋಚನೆ ಬರುತ್ತದೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಲ್ಲಿ ಅದು ಅಪರಾಧ: ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಗಾಡಿ ಬಂತೆನ್ನಿ, ತುಂಬಿಕೊಂಡದ್ದನ್ನು ಎಲ್ಲಿ ಸುರಿಯಬೇಕು? ದೇವನಹಳ್ಳಿಯಲ್ಲಿ 2015ರಲ್ಲೇ ಗುಂಡಿಯ ಮಲವನ್ನು ಸಂಸ್ಕರಿಸುವ ಘಟಕ ಶುರುವಾಯಿತು. ಅಲ್ಲಿಗೆ ಹೋಗಿಬರಲು ನಮ್ಮ ಊರುಗಳ ಸ್ಥಳೀಯ ಸಂಸ್ಥೆ ಸದಸ್ಯರಿಗೆ ಅರ್ಧ ದಿನ ಸಾಕು. ನಿಮ್ಮ ಬೀದಿಗೆ ಸಕ್ಕಿಂಗ್ ಗಾಡಿ ಬಂದಾಗ ಅದರ ನಂಬರ್ ಬರೆದುಕೊಳ್ಳಿ, ಎಲ್ಲಿ ಸುರಿಯುತ್ತೀರೆಂದು ಚಾಲಕನನ್ನು ಕೇಳಿ. ಯಾವುದಾದರೂ ಕೆರೆಯ ಹೆಸರು ಹೇಳಿದರೆ ಪುರಸಭೆಗೆ ಲಿಖಿತ ದೂರು ಕೊಡಿ.