ಬ್ರೇಕಿನ ಕೆಂಪು ದೀಪ ಉರಿದರೆ

ಹಾಲು, ತರಕಾರಿಗಳನ್ನು ಹಳೆಯ ಕಾರು, ಜೀಪುಗಳಲ್ಲಿ ಪೇಟೆಗೆ ಸಾಗಿಸುವ ರೈತರುಂಟು. ದಾರಿಯಲ್ಲಿ ಬ್ರೇಕಿನ ಕೆಂಪು ದೀಪ ಉರಿದರೆ ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೆಳಗಿನ ಕ್ರಮದಲ್ಲಿ ಪರೀಕ್ಷಿಸಬೇಕು.

1. ಹ್ಯಾಂಡ್ ಬ್ರೇಕ್: ಪೂರ್ತಿ ಬಿಟ್ಟಿದೆಯೇ ನೋಡಬೇಕು. ಅದನ್ನು ತುಸು ಅಲುಗಿಸಿದಾಗ ದೀಪ ಆರಿದರೆ, ಬುಡದಲ್ಲಿರುವ ಸ್ವಿಚ್ಚು ಕೆಟ್ಟಿರಬಹುದು.

2. ಪೆಡಲ್: ಒತ್ತಿದಾಗ ಮೆತ್ತಗಾಗಿದ್ದರೆ ಅಥವಾ ಕೆಳಗಿಳಿಯುತ್ತಾ ಹೋದರೆ ವಾಹನವನ್ನು ಓಡಿಸಲೇಬಾರದು.

3. ಬ್ರೇಕ್ ಆಯಿಲ್: ಡಬ್ಬಿಯ ಕೆಳಗಿನ ಗೆರೆಗಿಂತ ಕಡಿಮೆಯಾಗಿದ್ದರೆ ಕಾರಣ ಹುಡುಕಬೇಕು. ಪ್ಯಾಡುಗಳು ಸವೆದಂತೆ ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಕೆಲವೇ ದಿನಗಳಲ್ಲಿ ಇಳಿದಿದ್ದರೆ ಅದು ಸೋರಿಕೆ. ನಾಲ್ಕೂ ಚಕ್ರಗಳ ಒಳಬದಿ, ಕೊಳವೆಗಳ ಜೋಡಣೆ ಹಾಗೂ ಮಾಸ್ಟರ್ ಸಿಲಿಂಡರಿನ ಸುತ್ತ ತೇವವಿದೆಯೇ ನೋಡಬೇಕು.

4. ಇವೆಲ್ಲವೂ ಸರಿಯಿದ್ದರೆ ಡಬ್ಬಿಯ ಮುಚ್ಚಳದ ಸ್ವಿಚ್ಚು ಮತ್ತು ತಂತಿಗಳನ್ನು ಮೆಕ್ಯಾನಿಕ್‌ಗೆ ತೋರಿಸಬೇಕು.

ಮುಚ್ಚಳದ ಮೇಲೆ ನಮೂದಿಸಿರುವ ದರ್ಜೆಯ ಆಯಿಲನ್ನೇ ಹಾಕಬೇಕು. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ವಾಷರುಗಳು ಉಬ್ಬಿ ಬ್ರೇಕು ಕೆಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿ ಕುದಿಯಬಾರದು. ತೇವ ಹೀರಿದ್ದು ಸುಮಾರು 140 ಡಿಗ್ರಿಯಲ್ಲೇ ಕುದಿಯಬಹುದು. ಆಗ ಘಾಟಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋಗುವ ಅಪಾಯವಿದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಆಯಿಲ್ ತುಂಬಿದರೆ ದೀಪ ಆರುತ್ತದೆ, ಸೋರಿಕೆ ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು.